ಸೋಂದಾ ನಾಲ್ಕು ಸಾಲಾದಾಗ: ಸ್ಟ್ರಿಂಗ್‌ಗಳ ಪಟ್ಟಿಯಲ್ಲಿ ದೋಷ ಹುಡುಕುವ ಬಗೆ

ಶಿರಸಿಯ ಒಂದು ಸಣ್ಣ ಸಹಕಾರಿ ಸಂಘಕ್ಕೆ ನಾನು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ಪ್ರೋಗ್ರಾಂ ಬರೆದುಕೊಟ್ಟಿದ್ದೇನೆ. ದಿನದ ಅಡಿಕೆ ಆವಕದ ಕಡತವನ್ನು ಓದಿ, ಯಾವ ಊರಿನಿಂದ ಎಷ್ಟು ಚೀಲ ಬಂತು, ಯಾವ ಬಗೆಯ ಅಡಿಕೆ ಎಷ್ಟು ಬಂತು ಎಂದು ಸಂಜೆ ಒಂದು ಪುಟದ ವರದಿ ಕೊಡುವುದು ಅದರ ಕೆಲಸ. ಊರಿನ ಹೆಸರು, ಬೆಳೆಗಾರರ ಹೆಸರು, ರಾಶಿ, ಬೆಟ್ಟೆ, ಚಾಲಿ, ಬಿಳೆಗೋಟು, ಕೆಂಪುಗೋಟು, ಕೋಕಾ ಎಂಬ ಬಗೆಗಳು, ಇವೆಲ್ಲ ಅದರೊಳಗೆ ಸ್ಟ್ರಿಂಗ್‌ಗಳ, ಅಂದರೆ ಪಠ್ಯದ ತುಂಡುಗಳ, ಪಟ್ಟಿಯಾಗಿ ಕುಳಿತಿರುತ್ತವೆ. ಪಟ್ಟಿ ಎಂದರೆ ಬೇರೆ ಭಾಷೆಗಳಲ್ಲಿ ಅರೇ ಎನ್ನುವುದೇ, ಪೈಥಾನ್‌ನಲ್ಲಿ ಲಿಸ್ಟ್.

ಒಂದು ಸಂಜೆ ವರದಿಯಲ್ಲಿ ಸೋಂದಾ ನಾಲ್ಕು ಸಲ ಬಂತು.

ಸೋಂದಾ – 31
ಸೋಂದಾ – 6
ಸೋಂದಾ – 4
ಸೋಂದಾ – 2

ಒಂದೇ ಊರು, ಒಂದೇ ಅಕ್ಷರಗಳು, ಒಟ್ಟು 43 ಚೀಲ. ಸೇರಿಸಿದರೆ ಲೆಕ್ಕ ಸರಿಯೇ ಇರುವುದರಿಂದ ಯಾರೂ ದೊಡ್ಡ ವಿಷಯ ಮಾಡಲಿಲ್ಲ. ಮರುದಿನ ಬೆಳಿಗ್ಗೆ ಆ ಕಡೆಯ ಹಿರಿಯರೊಬ್ಬರು ಪಾವತಿಗೆ ಬಂದರು. ಗುಮಾಸ್ತರು ಊರಿನ ಹೆಸರು ಹಾಕಿ ಹುಡುಕಿದರೆ ಅವರ ಚೀಲ ಸಿಗಲಿಲ್ಲ. ‘ತಮ್ಮಾ, ಮೊನ್ನೆ ನಾನೇ ನಿಂತು ಇಳಿಸಿದ ಚೀಲ ಅದು. ಇಲ್ಲ ಎಂದರೆ ಹೇಗೆ?’ ಎಂದು ಕೇಳಿದರು. ಅವರ ಚೀಲ ನಾಲ್ಕನೆಯ ಸೋಂದಾದಲ್ಲಿತ್ತು. ಗುಮಾಸ್ತರು ಹುಡುಕಿದ್ದು ಮೊದಲನೆಯ ಸೋಂದಾದಲ್ಲಿ. ಮನುಷ್ಯರ ದುಡ್ಡು ಇಂಥ ಪಟ್ಟಿಯ ಮೇಲೆ ನಿಂತಿರುತ್ತದೆ ಎಂಬುದು ನನಗೆ ಆ ದಿನ ಎದುರಿಗೇ ಕಂಡಿತು. ಆಮೇಲೆ ಈ ಬಗೆಯ ದೋಷವನ್ನು ನಾನು ಹುಡುಕುವ ಕ್ರಮ ಇದು. ಕನ್ನಡ ಪಠ್ಯವನ್ನು ಪಟ್ಟಿಯಲ್ಲಿಟ್ಟುಕೊಂಡು ಕೆಲಸ ಮಾಡುವ ಯಾರಿಗಾದರೂ ಇದು ಉಪಯೋಗಕ್ಕೆ ಬಂದೀತು.

ಕೋಡ್ ಮುಟ್ಟುವ ಮೊದಲು ಪಟ್ಟಿಯನ್ನು ನೋಡಿ

ದೋಷ ಕಂಡ ಕೂಡಲೇ ಎಲ್ಲರ ಕೈಯೂ ಕೋಡ್ ತಿದ್ದಲು ಹೋಗುತ್ತದೆ. ನನ್ನದೂ ಹೋಯಿತು. ಖಾಲಿ ಜಾಗ ಇರಬಹುದು ಎಂದು, ಸ್ಟ್ರಿಂಗ್‌ನ ಎರಡು ತುದಿಯ ಖಾಲಿ ಜಾಗ ತೆಗೆಯುವ ಸ್ಟ್ರಿಪ್ ಸೇರಿಸಿದೆ, ಪುನಃ ಓಡಿಸಿದೆ, ನಾಲ್ಕು ಸೋಂದಾಗಳೂ ಹಾಗೆಯೇ ಇದ್ದವು. ಯಾಕೆ ಎಂಬುದು ಮುಂದೆ ಬರುತ್ತದೆ. ಇಲ್ಲಿ ಹೇಳಬೇಕಾದದ್ದು, ಪಟ್ಟಿಯೊಳಗೆ ನಿಜವಾಗಿ ಏನಿದೆ ಎಂದು ನೋಡದೆ ಮಾಡಿದ ತಿದ್ದುಪಡಿ ಕತ್ತಲೆಯಲ್ಲಿ ಹೊಡೆದ ಕಲ್ಲು.

ನೋಡುವುದಕ್ಕೆ ಮೂರು ಹಂತಗಳಿವೆ. ಮೊದಲನೆಯದು ಪ್ರಿಂಟ್. ಒಂದೊಂದೇ ಅಂಶವನ್ನು ಲೂಪ್‌ನಲ್ಲಿ, ಅಂದರೆ ಸುತ್ತಿಗೊಂದರಂತೆ, ಪ್ರಿಂಟ್ ಮಾಡಬೇಡಿ, ಇಡೀ ಪಟ್ಟಿಯನ್ನು ಒಮ್ಮೆಗೆ ಮಾಡಿ. ಒಂದೊಂದಾಗಿ ಮಾಡಿದರೆ ಬರೀ ಪಠ್ಯ ಕಾಣುತ್ತದೆ. ಇಡೀ ಪಟ್ಟಿಯನ್ನು ಮಾಡಿದರೆ ಪೈಥಾನ್ ಪ್ರತಿಯೊಂದು ಸ್ಟ್ರಿಂಗ್‌ಗೂ ಎರಡು ಬದಿಗೆ ಉದ್ಧರಣ ಚಿಹ್ನೆ ಹಾಕಿ ತೋರಿಸುತ್ತದೆ:

['ಸೋಂದಾ', 'ಸೋಂದಾ ', 'ಸೋಂದಾ', 'ಸೋ೦ದಾ']

ಎರಡನೆಯದರ ಕೊನೆಯಲ್ಲಿ ಉದ್ಧರಣ ಚಿಹ್ನೆ ಒಂದಿಷ್ಟು ದೂರ ಸರಿದಿರುವುದನ್ನು ಗಮನಿಸಿ. ಅಲ್ಲಿ ಖಾಲಿ ಜಾಗ ಇದೆ. ಕಣ್ಣಿಗೆ ಕಾಣದ ಕೆಲವು ಸಂಕೇತಗಳನ್ನೂ ಹೀಗೆ ಪ್ರಿಂಟ್ ಮಾಡಿದಾಗ ಪೈಥಾನ್ ಓರೆಗೆರೆ ಹಾಕಿ ಸಂಖ್ಯೆಯಾಗಿಯೇ ತೋರಿಸುತ್ತದೆ. ಒಂದೊಂದು ಸ್ಟ್ರಿಂಗ್‌ಗೆ ಇದೇ ಕೆಲಸ ಮಾಡುವ ಫಂಕ್ಷನ್ ರೆಪ್ರ್.

ಎರಡನೆಯ ಹಂತ ಲೆನ್, ಅಂದರೆ ಉದ್ದ. ಕನ್ನಡದಲ್ಲಿ ಉದ್ದ ಎಂದರೆ ನಾವು ಎಣಿಸುವ ಅಕ್ಷರವಲ್ಲ. ‘ಸೋಂದಾ’ ನಮಗೆ ಎರಡು ಅಕ್ಷರ. ಪೈಥಾನ್‌ಗೆ ಅದು ಐದು: ಸ, ಓಕಾರದ ಚಿಹ್ನೆ, ಅನುಸ್ವಾರ, ದ, ದೀರ್ಘದ ಚಿಹ್ನೆ. ಒಂದೇ ರೀತಿ ಕಾಣುವ ಎರಡು ಸ್ಟ್ರಿಂಗ್‌ಗಳ ಉದ್ದ ಬೇರೆ ಬಂದರೆ ಕಳ್ಳ ಸಿಕ್ಕಿದಂತೆ. ಉದ್ದ ಒಂದೇ ಬಂದರೂ ನಿಶ್ಚಿಂತರಾಗಬೇಡಿ.

ಮೂರನೆಯದು ಆರ್ಡ್. ಒಂದು ಸಂಕೇತವನ್ನು ಕೊಟ್ಟರೆ, ಪ್ರಪಂಚದ ಲಿಪಿಗಳ ಸಂಕೇತಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್ ಎಂಬ ಏರ್ಪಾಡಿನಲ್ಲಿ ಅದರ ಸಂಖ್ಯೆಯನ್ನು ಕೊಡುತ್ತದೆ. ಕನ್ನಡಕ್ಕೆ ಮೀಸಲಾದದ್ದು 3200ರಿಂದ 3327ರವರೆಗಿನ ಸಂಖ್ಯೆಗಳು. ಸ್ಟ್ರಿಂಗ್‌ನ ಪ್ರತಿಯೊಂದು ಸಂಕೇತಕ್ಕೂ ಆರ್ಡ್ ಕರೆದು ಸಂಖ್ಯೆಗಳನ್ನು ಸಾಲಾಗಿ ಪ್ರಿಂಟ್ ಮಾಡಿದರೆ ಇನ್ನು ಏನನ್ನೂ ಮುಚ್ಚಿಡಲು ಆಗುವುದಿಲ್ಲ. ನಮ್ಮ ನಾಲ್ಕು ಸೋಂದಾಗಳು ಹೀಗೆ ಬಿಚ್ಚಿಕೊಂಡವು:

3256, 3275, 3202, 3238, 3262
3256, 3275, 3202, 3238, 3262, 32
3256, 3270, 3266, 3285, 3202, 3238, 3262
3256, 3275, 3302, 3238, 3262

ಮೊದಲನೆಯದು ಸರಿಯಾದದ್ದು. ಎರಡನೆಯದರ ಕೊನೆಯ 32 ಎಂದರೆ ಸ್ಪೇಸ್. ಇದು ಸುಲಭದ್ದು, ಸ್ಟ್ರಿಪ್ ಸಾಕು. ಉಳಿದ ಎರಡು ಕನ್ನಡಕ್ಕೇ ವಿಶೇಷವಾದವು. ಅವುಗಳ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು.

ಒಂದೇ ಓಕಾರ, ಎರಡು ಬರವಣಿಗೆ

ಮೂರನೆಯ ಸಾಲಿನಲ್ಲಿ 3275ರ ಜಾಗದಲ್ಲಿ ಮೂರು ಸಂಖ್ಯೆಗಳಿವೆ: 3270, 3266, 3285. ಅವು ಕ್ರಮವಾಗಿ ಎಕಾರದ ಚಿಹ್ನೆ, ಊಕಾರದ ಚಿಹ್ನೆ ಮತ್ತು ದೀರ್ಘದ ಗುರುತು. ಕಾಗದದ ಮೇಲೆ ‘ಸೋ’ ಬರೆಯುವಾಗ ನಮ್ಮ ಕೈ ಮಾಡುವುದೂ ಇದನ್ನೇ: ತಲೆಯ ಮೇಲೆ ಎತ್ವ, ಪಕ್ಕಕ್ಕೆ ಸುಳಿ, ಕೊನೆಗೆ ದೀರ್ಘ. ಯೂನಿಕೋಡ್ ಈ ಎರಡು ಬಗೆಯ ಬರವಣಿಗೆಯನ್ನೂ ಒಪ್ಪುತ್ತದೆ; ಇಡಿಯಾದ ಒಂದೇ ಸಂಕೇತ, ಇಲ್ಲವೇ ಬಿಡಿಬಿಡಿಯಾದ ಮೂರು. ಎರಡೂ ಸಮಾನ ಎಂದೇ ಅದರ ನಿಯಮ. ಪರದೆಯ ಮೇಲೆ ಕೂದಲೆಳೆಯ ವ್ಯತ್ಯಾಸವೂ ಇಲ್ಲ. ಆದರೆ ಪೈಥಾನ್ ಎರಡು ಸ್ಟ್ರಿಂಗ್ ಸಮವೇ ಎಂದು ನೋಡುವಾಗ ಸಂಖ್ಯೆಗೆ ಸಂಖ್ಯೆ ಹೋಲಿಸುತ್ತದೆ. ಐದು ಸಂಕೇತದ ಸೋಂದಾ ಮತ್ತು ಏಳು ಸಂಕೇತದ ಸೋಂದಾ ಅದಕ್ಕೆ ಎರಡು ಊರು.

ಓಕಾರಕ್ಕೆ ಮಾತ್ರ ಇದು ಸೀಮಿತವಲ್ಲ. ಒಕಾರ, ಈಕಾರ, ಏಕಾರ, ಐಕಾರದ ಚಿಹ್ನೆಗಳಿಗೂ ಹೀಗೆ ಎರಡೆರಡು ರೂಪಗಳಿವೆ. ನಮ್ಮ ಜಿಲ್ಲೆಯ ಹೆಸರುಗಳನ್ನೇ ನೋಡಿ: ಅಂಕೋಲಾ, ಹೊನ್ನಾವರ, ಜೋಯಿಡಾ, ಗೋಕರ್ಣ, ಮುಂಡಗೋಡ, ಭೈರುಂಬೆ. ಎಲ್ಲವೂ ಈ ಗುಂಡಿಗೆ ಬೀಳಬಲ್ಲವು. ಇಡಿಯಾಗಿ ಬರೆದ ಅಂಕೋಲಾದ ಉದ್ದ 6, ಬಿಡಿಯಾಗಿ ಬರೆದದ್ದರ ಉದ್ದ 8. ಕಾರವಾರ, ಕುಮಟಾ, ಭಟ್ಕಳ, ಶಿರಸಿ, ಯಲ್ಲಾಪುರಗಳಿಗೆ ಈ ಕಾಟವಿಲ್ಲ. ಆದ್ದರಿಂದಲೇ ಇದನ್ನು ಗುರುತಿಸುವುದು ಕಷ್ಟ. ಅರ್ಧ ಪಟ್ಟಿ ಸರಿಯಾಗಿಯೇ ಕೆಲಸ ಮಾಡುತ್ತಿರುತ್ತದೆ.

ಪರಿಹಾರ ಪೈಥಾನ್‌ನ ಜೊತೆಯಲ್ಲೇ ಬರುತ್ತದೆ. ಯೂನಿಕೋಡ್‌ಡೇಟಾ ಎಂಬ ಮಾಡ್ಯೂಲ್‌ನಲ್ಲಿ ನಾರ್ಮಲೈಜ್ ಎಂಬ ಫಂಕ್ಷನ್ ಇದೆ. ಅದಕ್ಕೆ ಎನ್‌ಎಫ್‌ಸಿ ಎಂಬ ರೂಪವನ್ನು ಹೇಳಿ ಸ್ಟ್ರಿಂಗ್ ಕೊಟ್ಟರೆ ಬಿಡಿ ಸಂಕೇತಗಳು ಕೂಡಿ ಇಡಿಯಾಗಿ ಹಿಂದಿರುಗುತ್ತವೆ. ಜಾವಾಸ್ಕ್ರಿಪ್ಟ್‌ನಲ್ಲಿ ಪ್ರತಿ ಸ್ಟ್ರಿಂಗ್‌ಗೂ ಇದೇ ಹೆಸರಿನ ಮೆಥಡ್ ಇದೆ. ಹೋಲಿಸುವ ಎರಡೂ ಬದಿಯನ್ನು ಹೀಗೆ ಮಾಡಬೇಕು ಎಂಬುದನ್ನು ಮರೆಯಬೇಡಿ. ಕಡತದಿಂದ ಬಂದದ್ದನ್ನು ಮಾತ್ರ ಸರಿಪಡಿಸಿ, ಹುಡುಕುವ ಪದವನ್ನು ಹಾಗೆಯೇ ಬಿಟ್ಟರೆ ದೋಷ ಒಂದು ಬದಿಯಿಂದ ಇನ್ನೊಂದು ಬದಿಗೆ ದಾಟುತ್ತದೆ, ಅಷ್ಟೇ.

ಅನುಸ್ವಾರವಲ್ಲ, ಸೊನ್ನೆ

ನಾಲ್ಕನೆಯ ಸೋಂದಾದಲ್ಲಿ 3202 ಇರಬೇಕಾದ ಕಡೆ 3302 ಇದೆ. 3202 ಅನುಸ್ವಾರ, 3302 ಕನ್ನಡದ ಅಂಕಿ ಸೊನ್ನೆ. ಟೈಪ್ ಮಾಡಿದವರ ತಪ್ಪು ಎನ್ನಲು ನನಗೆ ಮನಸ್ಸಿಲ್ಲ. ‘ಂ’ ಮತ್ತು ‘೦’ ಇವೆರಡನ್ನು ಅಕ್ಕಪಕ್ಕ ಇಟ್ಟರೂ ಎಷ್ಟೋ ಫಾಂಟ್‌ಗಳಲ್ಲಿ ವ್ಯತ್ಯಾಸ ತಿಳಿಯುವುದಿಲ್ಲ. ಶಾಲೆಯಲ್ಲಿ ನಮಗೆ ಅನುಸ್ವಾರವನ್ನು ಹೇಳಿಕೊಟ್ಟದ್ದೇ ‘ಸೊನ್ನೆ’ ಎಂದು. ಹಿರಿಯರ ಚೀಲ ಇದ್ದದ್ದು ಈ ಸಾಲಿನಲ್ಲಿ. ಇದರ ಉದ್ದವೂ ಐದೇ. ಲೆನ್ ಇಲ್ಲಿ ಏನನ್ನೂ ಹೇಳುವುದಿಲ್ಲ. ನಾರ್ಮಲೈಜ್ ಕೂಡ ಇದನ್ನು ಮುಟ್ಟುವುದಿಲ್ಲ, ಯಾಕೆಂದರೆ ಯೂನಿಕೋಡ್‌ನ ದೃಷ್ಟಿಯಲ್ಲಿ ಇವು ನಿಜಕ್ಕೂ ಬೇರೆ ಬೇರೆ.

ಇದನ್ನು ಮೊದಲೇ ಪತ್ತೆ ಮಾಡುವ ಒಂದು ಒಳ್ಳೆಯ ಉಪಾಯವೆಂದರೆ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸಿ ನೋಡುವುದು. ಮಂಜುಗುಣಿ ಮತ್ತು ಮತ್ತಿಘಟ್ಟ ಎರಡೂ ಶಿರಸಿ ತಾಲ್ಲೂಕಿನ ಊರುಗಳು. ಸರಿಯಾಗಿ ಟೈಪ್ ಮಾಡಿದ್ದರೆ ಮಂಜುಗುಣಿ ಮೊದಲು ಬರಬೇಕು, ಅನುಸ್ವಾರದ 3202 ಎಂಬುದು ತಕಾರದ 3236ಕ್ಕಿಂತ ಚಿಕ್ಕದು. ಸೊನ್ನೆ ಹಾಕಿದ್ದರೆ 3302 ಎಲ್ಲ ವ್ಯಂಜನಗಳಿಗಿಂತ, ಎಲ್ಲ ಸ್ವರಚಿಹ್ನೆಗಳಿಗಿಂತ ದೊಡ್ಡದಾಗಿ, ಮಂಜುಗುಣಿ ಮುಂಡಗೋಡವನ್ನೂ ದಾಟಿ ಮಕಾರದ ಊರುಗಳ ಕೊಟ್ಟಕೊನೆಗೆ ಹೋಗಿ ಕುಳಿತಿರುತ್ತದೆ. ಇರಬಾರದ ಜಾಗದಲ್ಲಿ ಇರುವ ಹೆಸರು ಕಂಡರೆ ಅದರ ಸಂಖ್ಯೆಗಳನ್ನು ಬಿಚ್ಚಿ ನೋಡಿ.

ತಿದ್ದುವಾಗ ಎಚ್ಚರ ಬೇಕು. ಪಟ್ಟಿಯಲ್ಲಿರುವ ಎಲ್ಲ ಸೊನ್ನೆಗಳನ್ನೂ ಅನುಸ್ವಾರ ಮಾಡಿಬಿಟ್ಟರೆ ‘ವಾರ್ಡ್ ೧೦’ ಕೆಟ್ಟುಹೋಗುತ್ತದೆ. ನಾನು ಇಟ್ಟುಕೊಂಡ ನಿಯಮ: ಸೊನ್ನೆಯ ಹಿಂದೆ ಕನ್ನಡದ ಅಕ್ಷರವೋ ಸ್ವರಚಿಹ್ನೆಯೋ ಅಂಟಿಕೊಂಡಿದ್ದರೆ ಮಾತ್ರ ಅದು ಅನುಸ್ವಾರ, ಹಿಂದೆ ಅಂಕಿ ಅಥವಾ ಖಾಲಿ ಜಾಗ ಇದ್ದರೆ ಮುಟ್ಟುವುದಿಲ್ಲ.

ಇದರ ಅಣ್ಣನೊಬ್ಬನಿದ್ದಾನೆ. ಅರ್ಕಾವತ್ತಿನ ಬದಲು ಅಂಕಿ ಒಂಬತ್ತನ್ನು ಹಾಕುವುದು, ಗೋಕರ್ಣವನ್ನು ‘ಗೋಕಣ೯’ ಎಂದು ಬರೆಯುವುದು. ಇದನ್ನು ಯಂತ್ರದಿಂದ ತಿದ್ದಲು ನಾನು ಹೋಗುವುದಿಲ್ಲ. ಇಲ್ಲಿ ಒಂದು ಸಂಕೇತವನ್ನು ಇನ್ನೊಂದಕ್ಕೆ ಬದಲಿಸಿದರೆ ಮುಗಿಯಲಿಲ್ಲ, ರಕಾರ ಮತ್ತು ಹಲಂತ ಹಿಂದಿನ ವ್ಯಂಜನಕ್ಕಿಂತಲೂ ಮುಂಚೆ ಹೋಗಿ ಕೂರಬೇಕು; ಹಿಂದೆ ಒತ್ತಕ್ಷರ ಇದ್ದರೆ ಇನ್ನೂ ಗೋಜಲು. ಅಂಥ ಹೆಸರುಗಳನ್ನು ಬೇರೆ ಪಟ್ಟಿಗೆ ಹಾಕಿ ಗುಮಾಸ್ತರ ಮುಂದಿಡುತ್ತೇನೆ. ದಿನಕ್ಕೆ ಒಂದೋ ಎರಡೋ ಇರುತ್ತದೆ.

ಸ್ಟ್ರಿಪ್‌ಗೆ ಸಿಗದ ಬಾಲ

ಹುಲೇಕಲ್ ಕೂಡ ಎರಡು ಸಾಲಾಗಿತ್ತು. ಅದರಲ್ಲಿ ಓಕಾರವಿಲ್ಲ, ಅನುಸ್ವಾರವಿಲ್ಲ, ಸ್ಪೇಸ್ ಕೂಡ ಇರಲಿಲ್ಲ. ಆರ್ಡ್ ಹಾಕಿದಾಗ ಕೊನೆಯಲ್ಲಿ 8204 ಸಿಕ್ಕಿತು. ಅಗಲವೇ ಇಲ್ಲದ ಒಂದು ವಿಭಜಕ ಅದು. ‘ಹುಲೇಕಲ್‌ನಿಂದ’ ಎಂದು ಬರೆಯುವಾಗ ನಕಾರ ಹೋಗಿ ಲಕಾರಕ್ಕೆ ಒತ್ತಾಗದಂತೆ ತಡೆಯುವುದು ಅದೇ. ಕನ್ನಡಕ್ಕೆ ಅದು ಬೇಕೇ ಬೇಕು. ಆದರೆ ಕೆಲವು ಕೀಲಿಮಣೆಗಳಲ್ಲಿ ಹಲಂತವನ್ನು ಎರಡು ಸಲ ಒತ್ತಿದರೆ ಪದದ ಕೊನೆಯಲ್ಲಿಯೂ ಅದು ಉಳಿದುಬಿಡುತ್ತದೆ. ಸ್ಟ್ರಿಪ್ ಅದನ್ನು ತೆಗೆಯುವುದಿಲ್ಲ, ಯಾಕೆಂದರೆ ಯೂನಿಕೋಡ್ ಅದನ್ನು ಖಾಲಿ ಜಾಗವೆಂದು ಎಣಿಸುವುದಿಲ್ಲ. ವೆಬ್ ಪುಟದಿಂದ ನಕಲು ಮಾಡಿದಾಗ ಬರುವ 160, ಅಂದರೆ ಒಡೆಯದ ಸ್ಪೇಸ್, ಸ್ಟ್ರಿಪ್‌ಗೆ ಸಿಗುತ್ತದೆ. 8203, 8204, 8205, 65279 ಎಂಬ ಅಗಲವಿಲ್ಲದ ಸಂಕೇತಗಳು ಸಿಗುವುದಿಲ್ಲ.

ಹಾಗೆಂದು ಪಟ್ಟಿಯ ಎಲ್ಲ ಸ್ಟ್ರಿಂಗ್‌ಗಳಿಂದ 8204 ಮತ್ತು 8205ನ್ನು ಕಿತ್ತುಹಾಕಿದರೆ ಮುದ್ರಿಸುವ ವರದಿಯಲ್ಲಿ ಕನ್ನಡ ಕೆಡುತ್ತದೆ. ‘ರ‍್ಯಾಲಿ’ಯಂಥ ಪದದ ರೂಪ ನಿಂತಿರುವುದೇ 8205ರ ಮೇಲೆ. ಆದ್ದರಿಂದ ಎರಡು ರೂಪ ಇಟ್ಟುಕೊಳ್ಳುತ್ತೇನೆ: ತೋರಿಸಲು ಮೂಲ ಹೆಸರು, ಹೋಲಿಸಲು ಅದರಿಂದ ತಯಾರಿಸಿದ ಕೀಲಿ. ಕೀಲಿಯಲ್ಲಿ ಮಾತ್ರ ಇವನ್ನು ತೆಗೆಯುತ್ತೇನೆ.

ದೋಷ ಎಲ್ಲಿ ಕುಳಿತಿದೆ ಎಂಬುದೇ ಸುಳಿವು

ಪಟ್ಟಿಯ ಯಾವ ಅಂಶ ಕೈಕೊಡುತ್ತಿದೆ ಎಂಬುದನ್ನು ಗಮನಿಸಿದರೆ ಅರ್ಧ ಕೆಲಸ ಉಳಿಯುತ್ತದೆ.

ಮೊದಲನೆಯ ಅಂಶ ಮಾತ್ರ ಹೊಂದದಿದ್ದರೆ ಕಡತದ ತಲೆಯಲ್ಲಿ 65279 ಇದೆ ಎಂದು ಶಂಕಿಸಿ. ಎಕ್ಸೆಲ್‌ನಿಂದ ಯುಟಿಎಫ್-8 ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಪಠ್ಯದ ಕಡತ) ಎಂದು ಉಳಿಸಿದಾಗ ಈ ಗುರುತು ಸೇರುತ್ತದೆ. ಕಡತ ತೆರೆಯುವಾಗ ಎನ್‌ಕೋಡಿಂಗ್ (ಸಂಕೇತಗಳನ್ನು ಬೈಟ್‌ಗಳಾಗಿ ಬರೆದಿಡುವ ಬಗೆ) ಹೇಳುವ ಜಾಗದಲ್ಲಿ ಯುಟಿಎಫ್-8-ಸಿಗ್ ಎಂದು ಕೊಟ್ಟರೆ ಅದು ತಾನಾಗಿ ಹೋಗುತ್ತದೆ, ಆ ಗುರುತು ಇಲ್ಲದ ಕಡತಕ್ಕೂ ತೊಂದರೆ ಇಲ್ಲ.

ಕೊನೆಯದೊಂದು ಮಾತ್ರ ಸರಿಯಾಗಿ ಹೊಂದಿ ಉಳಿದ ಯಾವುದೂ ಹೊಂದದಿದ್ದರೆ, ಪ್ರತಿ ಸಾಲಿನ ಬಾಲದಲ್ಲಿ ಸಾಲು ಮುರಿಯುವ ಸಂಕೇತ, ಸಂಖ್ಯೆ 10, ಅಂಟಿಕೊಂಡಿದೆ. ಕಡತವನ್ನು ಸಾಲುಸಾಲಾಗಿ ಓದಿದಾಗ ಪೈಥಾನ್ ಅದನ್ನು ಉಳಿಸಿಯೇ ಕೊಡುತ್ತದೆ. ಕೊನೆಯ ಸಾಲಿನ ನಂತರ ಎಂಟರ್ ಒತ್ತಿರದಿದ್ದರೆ ಅದೊಂದು ಮಾತ್ರ ಶುದ್ಧವಾಗಿರುತ್ತದೆ.

ಎಲ್ಲವೂ ಕೆಟ್ಟಿದ್ದರೆ ಎನ್‌ಕೋಡಿಂಗ್. ಕನ್ನಡದ ಒಂದೊಂದು ಸಂಕೇತವೂ ಯುಟಿಎಫ್-8ರಲ್ಲಿ 3 ಬೈಟ್ ತೆಗೆದುಕೊಳ್ಳುತ್ತದೆ. ಎನ್‌ಕೋಡಿಂಗ್ ಹೇಳದೆ ವಿಂಡೋಸ್‌ನಲ್ಲಿ ಕಡತ ತೆರೆದರೆ ಸಾಮಾನ್ಯವಾಗಿ ಅದು ಒಂದು ಹಳೆಯ ಕೋಷ್ಟಕ ನೋಡಿ ಒಂದೊಂದು ಬೈಟನ್ನೂ ಒಂದೊಂದು ಅಕ್ಷರವೆಂದು ಓದುತ್ತದೆ. ಐದು ಉದ್ದದ ಸೋಂದಾ ಹದಿನೈದು ಉದ್ದದ ವಿಚಿತ್ರ ಲ್ಯಾಟಿನ್ ಅಕ್ಷರಗಳಾಗುತ್ತದೆ. ಹಲಂತ ಬಂದ ಕಡೆಯಂತೂ ಓದುವುದೇ ನಿಂತು ಚಾರ್‌ಮ್ಯಾಪ್ ಎಂಬ ದೋಷ ಸಂದೇಶ ಬರುತ್ತದೆ. ಹಲಂತದ ಮೂರನೆಯ ಬೈಟ್ 141; ಆ ಹಳೆಯ ಕೋಷ್ಟಕದಲ್ಲಿ 141ಕ್ಕೆ ಅಕ್ಷರವೇ ಇಲ್ಲ. ಕೋಕಾ ಮಾತ್ರ ಇರುವ ಕಡತ ಓದಿ, ಬೆಟ್ಟೆ ಇರುವ ಕಡತಕ್ಕೆ ಬಂದು ಪ್ರೋಗ್ರಾಂ ನಿಂತರೆ ಇದೇ ಕಾರಣ.

ಅಲ್ಲೊಂದು ಇಲ್ಲೊಂದು ಚದುರಿದಂತೆ ಹೊಂದದಿದ್ದರೆ, ಅವು ಕೈಯಿಂದ ಟೈಪ್ ಮಾಡಿದವು. ಸೋಂದಾದ ಕಥೆ.

ತೊಳೆದರೂ ಕೊಳೆಯಾಗಿಯೇ ಉಳಿಯುವ ಪಟ್ಟಿ

ಈಗ ನನ್ನ ಮೊದಲ ಸ್ಟ್ರಿಪ್ ಯಾಕೆ ಫಲ ಕೊಡಲಿಲ್ಲ ಎಂಬ ಪ್ರಶ್ನೆ. ಕನಿಷ್ಠ ಎರಡನೆಯ ಸೋಂದಾವಾದರೂ ಮೊದಲನೆಯದರೊಡನೆ ಸೇರಬೇಕಿತ್ತು. ನಾನು ಬರೆದದ್ದು ಹೀಗಿತ್ತು: ಊರುಗಳ ಪಟ್ಟಿಯಲ್ಲಿನ ಪ್ರತಿ ಊರಿಗೂ, ಊರು ಎಂಬ ವೇರಿಯೇಬಲ್‌ಗೆ ಊರಿನ ಸ್ಟ್ರಿಪ್ ಮಾಡಿದ ರೂಪವನ್ನು ಕೊಡು. ನೋಡಲು ಸರಿಯಾಗಿಯೇ ಇದೆ. ಆದರೆ ಪೈಥಾನ್‌ನಲ್ಲಿ ಸ್ಟ್ರಿಂಗ್ ಬದಲಾಗುವ ವಸ್ತುವಲ್ಲ. ಸ್ಟ್ರಿಪ್ ಹಳೆಯದನ್ನು ತಿದ್ದುವುದಿಲ್ಲ, ಹೊಸದೊಂದನ್ನು ಮಾಡಿ ಕೊಡುತ್ತದೆ. ಲೂಪ್‌ನ ಒಳಗಿನ ‘ಊರು’ ಆ ಹೊಸದನ್ನು ಹಿಡಿದುಕೊಳ್ಳುತ್ತದೆ, ಮುಂದಿನ ಸುತ್ತಿನಲ್ಲಿ ಬಿಟ್ಟುಬಿಡುತ್ತದೆ. ಪಟ್ಟಿಯಲ್ಲಿ ಹಳೆಯ ಸ್ಟ್ರಿಂಗ್ ಹಾಗೆಯೇ ಕುಳಿತಿರುತ್ತದೆ. ಯಾವ ದೋಷ ಸಂದೇಶವೂ ಬರುವುದಿಲ್ಲ. ಸರಿಯಾದ ದಾರಿ, ಶುದ್ಧ ಮಾಡಿದ ಸ್ಟ್ರಿಂಗ್‌ಗಳಿಂದ ಹೊಸ ಪಟ್ಟಿಯನ್ನೇ ಕಟ್ಟಿ, ಹಳೆಯ ಹೆಸರಿಗೆ ಅದನ್ನು ಕೊಡುವುದು.

ಇದಕ್ಕೆ ತದ್ವಿರುದ್ಧವಾದ ಗುಂಡಿ ಸಾರ್ಟ್‌ನಲ್ಲಿದೆ. ಪಟ್ಟಿ ಬದಲಾಗುವ ವಸ್ತು. ಸಾರ್ಟ್ ಪಟ್ಟಿಯನ್ನು ಇದ್ದಲ್ಲೇ ಜೋಡಿಸಿ, ತಾನು ಏನನ್ನೂ ಹಿಂದಿರುಗಿಸುವುದಿಲ್ಲ. ‘ಊರುಗಳು = ಊರುಗಳು.ಸಾರ್ಟ್()’ ಎಂದು ಬರೆದರೆ ಊರುಗಳು ಹೋಗಿ ನನ್ (None) ಎಂಬ ಶೂನ್ಯ ಉಳಿಯುತ್ತದೆ. ಹೊಸ ಪಟ್ಟಿ ಬೇಕೆಂದರೆ ಸಾರ್ಟೆಡ್ ಬಳಸಿ.

ಖಾಲಿ ಸ್ಟ್ರಿಂಗ್‌ಗಳನ್ನು ತೆಗೆಯುವಾಗಲೂ ಹುಷಾರು. ['ಚಾಲಿ', '', '', 'ರಾಶಿ'] ಎಂಬ ಪಟ್ಟಿಯ ಮೇಲೆ ಲೂಪ್ ನಡೆಸುತ್ತಾ, ಖಾಲಿ ಕಂಡರೆ ಅದೇ ಪಟ್ಟಿಯಿಂದ ತೆಗೆದುಹಾಕಿದರೆ ಕೊನೆಗೆ ['ಚಾಲಿ', '', 'ರಾಶಿ'] ಉಳಿಯುತ್ತದೆ. ಮೊದಲ ಖಾಲಿಯನ್ನು ತೆಗೆದ ಕೂಡಲೇ ಎರಡನೆಯದು ಅದರ ಜಾಗಕ್ಕೆ ಸರಿಯಿತು, ಲೂಪ್ ಆ ಜಾಗವನ್ನು ದಾಟಿ ಮುಂದೆ ಹೋಯಿತು. ನಡೆಯುತ್ತಿರುವ ಸಂಕದ ಹಲಗೆಯನ್ನು ಕೀಳಬಾರದು. ಇಲ್ಲಿಯೂ ಹೊಸ ಪಟ್ಟಿ ಕಟ್ಟುವುದೇ ಮದ್ದು.

ಬಗೆಗಳ ಪಟ್ಟಿಯನ್ನು ಕೋಡ್‌ನಲ್ಲೇ ಬರೆದಿಟ್ಟಿದ್ದರೆ ಅಲ್ಪವಿರಾಮಗಳನ್ನು ಒಂದೊಂದಾಗಿ ಎಣಿಸಿ. ['ರಾಶಿ', 'ಬೆಟ್ಟೆ' 'ಚಾಲಿ'] ಎಂಬುದರಲ್ಲಿ ಎರಡೇ ಅಂಶಗಳು. ಅಲ್ಪವಿರಾಮ ತಪ್ಪಿದ ಕಡೆ ಪೈಥಾನ್ ಅಕ್ಕಪಕ್ಕದ ಸ್ಟ್ರಿಂಗ್‌ಗಳನ್ನು ಮಾತಿಲ್ಲದೆ ಕೂಡಿಸಿ ‘ಬೆಟ್ಟೆಚಾಲಿ’ ಮಾಡುತ್ತದೆ. ಆಮೇಲೆ ಬೆಟ್ಟೆಯ ಲೆಕ್ಕ ಶೂನ್ಯ, ಚಾಲಿಯ ಲೆಕ್ಕವೂ ಶೂನ್ಯ. ಎರಡು ಬಗೆ ಒಟ್ಟಿಗೆ ಕಾಣೆಯಾದರೆ ಇದನ್ನೇ ಮೊದಲು ನೋಡಿ.

ಪಟ್ಟಿಗೆ ‘ರಾಶಿ’ಯನ್ನು ಸೇರಿಸಲು ಇಡಿಯಾಗಿ ಸೇರಿಸುವ ಅಪೆಂಡ್ ಬದಲು, ಬಿಡಿಸಿ ಸೇರಿಸುವ ಎಕ್ಸ್‌ಟೆಂಡ್ ಅಥವಾ ಕೂಡಿಸು-ಸಮ (+=) ಬಳಸಿದರೆ ಒಂದರ ಬದಲು ನಾಲ್ಕು ಅಂಶಗಳು ಸೇರುತ್ತವೆ: ರ, ದೀರ್ಘದ ಚಿಹ್ನೆ, ಶ, ಗುಡಿಸಿನ ಚಿಹ್ನೆ. ಒಂಟಿ ಸ್ವರಚಿಹ್ನೆಗಳು ಚುಕ್ಕೆಯ ವೃತ್ತದೊಂದಿಗೆ ವರದಿಯಲ್ಲಿ ತೇಲುತ್ತಿದ್ದರೆ ಕಾರಣ ಬಹುತೇಕ ಇದು.

ಒಳಗೆ ಇದೆಯೇ ಎಂದು ಕೇಳುವ ‘ಇನ್’ ಎಂಬ ಪದ ಪಟ್ಟಿಯ ಮೇಲೆ ಒಂದು ರೀತಿ, ಸ್ಟ್ರಿಂಗ್ ಮೇಲೆ ಇನ್ನೊಂದು ರೀತಿ ನಡೆಯುತ್ತದೆ. ಪಟ್ಟಿಯಲ್ಲಿ ಪೂರ್ತಿ ಅಂಶ ಹೊಂದಬೇಕು. ಸ್ಟ್ರಿಂಗ್‌ನಲ್ಲಿ ತುಂಡು ಸಿಕ್ಕರೂ ಸಾಕು. ‘ತಟ್ಟಿಬೆಟ್ಟೆ’ಯೊಳಗೆ ‘ಬೆಟ್ಟೆ’ ಇದೆ, ‘ಹಳೆ ಚಾಲಿ’ಯೊಳಗೆ ‘ಚಾಲಿ’ ಇದೆ. ದರ ಬೇರೆ ಬೇರೆ ಇರುವ ಬಗೆಗಳು ಹೀಗೆ ಬೆರೆತರೆ ಬೆಳೆಗಾರರ ಪಾವತಿಯ ಲೆಕ್ಕವೇ ಸುಳ್ಳಾಗುತ್ತದೆ.

ಒಂದು ಸ್ಟ್ರಿಂಗನ್ನು ತುಂಡುಗಳ ಪಟ್ಟಿಯಾಗಿ ಒಡೆಯುವಾಗ, ಸ್ಪ್ಲಿಟ್‌ಗೆ ಸ್ಪೇಸ್ ಕೊಟ್ಟರೆ ಎರಡು ಸ್ಪೇಸ್ ಇರುವ ಕಡೆ ಖಾಲಿ ಅಂಶ ಹುಟ್ಟುತ್ತದೆ. ಏನೂ ಕೊಡದಿದ್ದರೆ ಹುಟ್ಟುವುದಿಲ್ಲ. ಖಾಲಿ ಸಾಲನ್ನು ಅಲ್ಪವಿರಾಮದಿಂದ ಒಡೆದರೆ ಖಾಲಿ ಪಟ್ಟಿ ಬರುವುದಿಲ್ಲ, ಒಂದು ಖಾಲಿ ಸ್ಟ್ರಿಂಗ್ ಇರುವ ಪಟ್ಟಿ ಬರುತ್ತದೆ. ವಿಳಾಸದೊಳಗೆ ಅಲ್ಪವಿರಾಮ ಇರುವ ಕಡತಕ್ಕೆ ಸ್ಪ್ಲಿಟ್ ಬೇಡವೇ ಬೇಡ, ಸಿಎಸ್‌ವಿ ಮಾಡ್ಯೂಲ್ ಬಳಸಿ. ಲಾಟ್ ಸಂಖ್ಯೆಗಳು ಸ್ಟ್ರಿಂಗ್ ಆಗಿದ್ದರೆ 100 ಎಂಬುದು 25ಕ್ಕಿಂತ ಮೊದಲು ಬರುತ್ತದೆ. ಜೋಡಿಸುವ ಮೊದಲು ಇಂಟ್, ಅಂದರೆ ಪೂರ್ಣಾಂಕ, ಮಾಡಿ. ‘೨೫’ ಎಂದು ಕನ್ನಡ ಅಂಕಿಯಲ್ಲಿದ್ದರೂ ಪೈಥಾನ್‌ನ ಇಂಟ್ ಅದನ್ನು 25 ಎಂದೇ ಓದುತ್ತದೆ, ಆದರೆ ಸ್ಟ್ರಿಂಗ್ ಆಗಿ ಅವೆರಡು ಸಮವಲ್ಲ.

ಎಲ್ಲಕ್ಕಿಂತ ಅಪಾಯದ್ದು: ಜೊತೆ ತಪ್ಪಿದ ಪಟ್ಟಿಗಳು

ಇಷ್ಟು ಹೊತ್ತು ಹೇಳಿದ ದೋಷಗಳೆಲ್ಲ ಹೇಗಾದರೂ ತಲೆ ಎತ್ತಿ ತೋರಿಸಿಕೊಳ್ಳುತ್ತವೆ. ಇದು ತೋರಿಸಿಕೊಳ್ಳುವುದಿಲ್ಲ. ಹೆಸರುಗಳಿಗೊಂದು ಪಟ್ಟಿ, ಚೀಲಗಳಿಗೊಂದು ಪಟ್ಟಿ, ಮೂರನೆಯ ಹೆಸರಿಗೆ ಮೂರನೆಯ ಚೀಲದ ಲೆಕ್ಕ. ಹೊಸಬರು ಸಹಜವಾಗಿ ಹೀಗೆಯೇ ಬರೆಯುತ್ತಾರೆ. ಯಾರೋ ಹೆಸರುಗಳ ಪಟ್ಟಿಯನ್ನು ಮಾತ್ರ ಅಕಾರಾದಿಗೆ ಜೋಡಿಸಿದರು ಎನ್ನಿ, ಅಥವಾ ಒಂದು ಪಟ್ಟಿಯಿಂದ ಮಾತ್ರ ಖಾಲಿ ಅಂಶವನ್ನು ತೆಗೆದರು ಎನ್ನಿ. ಒಬ್ಬರ ಚೀಲ ಇನ್ನೊಬ್ಬರ ಹೆಸರಿಗೆ ಹೋಗುತ್ತದೆ. ಒಟ್ಟು ಸರಿ ಇರುತ್ತದೆ, ವರದಿ ಅಂದವಾಗಿರುತ್ತದೆ, ಎಲ್ಲ ಹೆಸರೂ ಇರುತ್ತವೆ.

ನೇರವಾಗಿ ಜೋಡಿಸದೆಯೂ ಇದು ಆಗಬಹುದು. ‘ಪ್ರತಿ = ಹೆಸರುಗಳು’ ಎಂದು ಬರೆದು ಪ್ರತಿಯನ್ನು ಜೋಡಿಸಿದರೆ ಮೂಲವೂ ಜೋಡಿಸಿಹೋಗುತ್ತದೆ. ಅಲ್ಲಿ ನಕಲು ಆಗಿಯೇ ಇಲ್ಲ, ಒಂದೇ ಪಟ್ಟಿಗೆ ಎರಡು ಹೆಸರು ಬಿದ್ದಿದೆ. ನಕಲು ಬೇಕಾದರೆ ಕಾಪಿ ಎಂಬ ಮೆಥಡ್ ಕರೆಯಬೇಕು. ಇದರದೇ ಇನ್ನೊಂದು ಮುಖ: ಕರಾವಳಿಯ ಐದು ತಾಲ್ಲೂಕುಗಳಿಗೆ, ಅಂದರೆ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳಕ್ಕೆ, ಐದು ಖಾಲಿ ಪಟ್ಟಿ ಬೇಕೆಂದು [[]] * 5 ಎಂದು ಬರೆದರೆ ಒಂದೇ ಪಟ್ಟಿ ಐದು ಸಲ ಸಿಗುತ್ತದೆ. ಕುಮಟೆಗೆ ಹಾಕಿದ ಹೆಸರು ಭಟ್ಕಳದಲ್ಲಿಯೂ ಕಾಣುತ್ತದೆ.

ಜೊತೆಯಾಗಿ ಇರಬೇಕಾದದ್ದನ್ನು ಜೊತೆಯಾಗಿಯೇ ಇಡಿ. ಕಡತ ಓದುವಾಗಲೇ ಹೆಸರು, ಊರು, ಬಗೆ, ಚೀಲ ಸೇರಿಸಿ ಒಂದು ದಾಖಲೆ ಮಾಡಿ, ದಾಖಲೆಗಳ ಒಂದೇ ಪಟ್ಟಿ ಇಟ್ಟುಕೊಳ್ಳಿ. ಜೋಡಿಸಿದರೂ ಸೋಸಿದರೂ ಇಡೀ ದಾಖಲೆ ಸರಿಯುತ್ತದೆ. ಇದೊಂದನ್ನು ಮಾಡಲು ನನಗೆ ಎರಡು ದಿನ ಹಿಡಿಯಿತು, ಇಡೀ ಪ್ರೋಗ್ರಾಂನಲ್ಲಿ ಅತ್ಯಂತ ಸಾರ್ಥಕವಾದ ಎರಡು ದಿನ ಅವು.

ಬಾಗಿಲಲ್ಲೇ ಕಾಲು ತೊಳೆಯುವುದು

ಸ್ಟ್ರಿಪ್ ಇಲ್ಲೊಂದು, ನಾರ್ಮಲೈಜ್ ಅಲ್ಲೊಂದು ಎಂದು ಪ್ರೋಗ್ರಾಂ ತುಂಬ ಎರಚಬೇಡಿ. ಪಠ್ಯ ಒಳಗೆ ಬರುವ ಬಾಗಿಲು ಒಂದೋ ಎರಡೋ ಇರುತ್ತದೆ: ಕಡತ ಓದುವ ಕಡೆ, ಹುಡುಕುವ ಪದ ಟೈಪ್ ಮಾಡುವ ಕಡೆ. ನಾನು ‘ಕೀಲಿ’ ಎಂಬ ಒಂದು ಫಂಕ್ಷನ್ ಬರೆದು ಎರಡೂ ಬಾಗಿಲಲ್ಲಿ ಕೂರಿಸಿದೆ. ಅದು ಮೊದಲು ಎನ್‌ಎಫ್‌ಸಿ ಮಾಡುತ್ತದೆ, ಅಗಲವಿಲ್ಲದ ಸಂಕೇತಗಳನ್ನು ತೆಗೆಯುತ್ತದೆ, ಅಕ್ಷರಕ್ಕೆ ಅಂಟಿದ ಸೊನ್ನೆಯನ್ನು ಅನುಸ್ವಾರ ಮಾಡುತ್ತದೆ, ಕೊನೆಗೆ ಏನೂ ಕೊಡದ ಸ್ಪ್ಲಿಟ್‌ನಿಂದ ಒಡೆದು ಒಂದೇ ಸ್ಪೇಸ್‌ನಿಂದ ಜಾಯಿನ್ ಮಾಡುತ್ತದೆ. ಸ್ಟ್ರಿಪ್‌ನ ಕೆಲಸವನ್ನೂ ಮಾಡುವ ಈ ಹಂತ ಕೊನೆಯಲ್ಲೇ ಇರಬೇಕು. ‘ಸೋಂದಾ’ದ ನಂತರ ಒಂದು ಸ್ಪೇಸ್, ಅದರ ನಂತರ 8204 ಇದ್ದರೆ, ಮೊದಲೇ ಮಾಡಿದ ಸ್ಟ್ರಿಪ್‌ಗೆ ಆ ಸ್ಪೇಸ್ ಕಾಣುವುದೇ ಇಲ್ಲ.

ಇದಾದ ಮೇಲೂ ಹೊಂದದ ಹೆಸರುಗಳು ಉಳಿಯುತ್ತವೆ. ಸೋಂದಾ ಮತ್ತು ಸೋದೆ, ಕುಮಟಾ ಮತ್ತು ಕುಮಟೆ, ಶಿರಸಿ ಮತ್ತು ಸಿರ್ಸಿ. ಇವು ಸಂಕೇತದ ದೋಷವಲ್ಲ, ಜನ ನಿಜವಾಗಿ ಹಾಗೆ ಕರೆಯುತ್ತಾರೆ. ಊರುಗಳಿಗೆ ಒಂದು ಸಣ್ಣ ಡಿಕ್ಷನರಿ ಇಟ್ಟು ಪರ್ಯಾಯ ಹೆಸರನ್ನು ಮುಖ್ಯ ಹೆಸರಿಗೆ ತಿರುಗಿಸಬಹುದು. ಡಿಫ್‌ಲಿಬ್ ಎಂಬ ಮಾಡ್ಯೂಲ್ ಹತ್ತಿರದ ಹೆಸರನ್ನು ಸೂಚಿಸುತ್ತದೆ. ಆ ಸೂಚನೆಯನ್ನು ಒಪ್ಪುವುದು ಮನುಷ್ಯರ ಕೆಲಸ. ಜನರ ಹೆಸರಿಗೆ ಮಾತ್ರ ಇದನ್ನು ಎಂದೂ ಮಾಡಬೇಡಿ. ಹೆಗಡೆ ಮತ್ತು ಹೆಗ್ಡೆ, ಭಟ್ ಮತ್ತು ಭಟ್ಟ ಒಬ್ಬರೇ ಎಂದು ಯಂತ್ರ ತೀರ್ಮಾನಿಸಬಾರದು. ನಮ್ಮ ಕಡೆ ಒಂದೇ ಊರಿನಲ್ಲಿ ಒಂದೇ ಹೆಸರಿನವರು ಮೂವರು ಇರುವುದು ಸಾಮಾನ್ಯ. ಅವರನ್ನು ಬೇರ್ಪಡಿಸುವುದು ಸದಸ್ಯತ್ವ ಸಂಖ್ಯೆ, ಹೆಸರಲ್ಲ.

ಸರಿಯಾಯಿತೆಂದು ಹೇಗೆ ತಿಳಿಯುವುದು

ವರದಿಯಲ್ಲಿ ಸೋಂದಾ ಒಂದೇ ಸಾಲಾಯಿತು ಎಂಬುದು ಸಾಕ್ಷಿಯಲ್ಲ. ನಾಲ್ಕರಲ್ಲಿ ಮೂರು ಸಾಲುಗಳು ಕಳೆದುಹೋಗಿದ್ದರೂ ಒಂದೇ ಕಾಣುತ್ತದೆ. ತಿದ್ದುವ ಮೊದಲಿನ ದಾಖಲೆಗಳ ಸಂಖ್ಯೆ ಮತ್ತು ತಿದ್ದಿದ ಮೇಲಿನ ಸಂಖ್ಯೆ ಒಂದೇ ಇರಬೇಕು. ಒಟ್ಟು ಚೀಲ ಒಂದೇ ಇರಬೇಕು. ಬೇರೆ ಬೇರೆ ಊರುಗಳ ಸಂಖ್ಯೆ ಮಾತ್ರ ಕಡಿಮೆಯಾಗಿರಬೇಕು; ಎಷ್ಟು ಕಡಿಮೆ, ಯಾವ ಯಾವುದು ಯಾವುದರೊಡನೆ ಸೇರಿತು ಎಂಬುದನ್ನು ಪ್ರೋಗ್ರಾಂ ಒಂದು ಕಡೆ ಬರೆದಿಡಬೇಕು. ನಾನು ಆ ಪಟ್ಟಿಯನ್ನು ಗುಮಾಸ್ತರ ಜೊತೆ ಕುಳಿತು ಸಾಲುಸಾಲಾಗಿ ಓದಿದೆ.

ಸೋಂದಾ 43 ಎಂದು ಬಂತು. ಸೋಂದಾ ಎಂದು ಹಾಕಿ ಹುಡುಕಿದಾಗ ಹಿರಿಯರ ಎರಡು ಚೀಲವೂ ಸಿಕ್ಕವು, ಅವರ ಹೆಸರಿನಲ್ಲಿ, ಅವರ ಸದಸ್ಯತ್ವ ಸಂಖ್ಯೆಯಲ್ಲಿ. ಆ ದಿನದ ಮೂಲ ಕಡತವನ್ನು ಒಂದಕ್ಷರವನ್ನೂ ತಿದ್ದದೆ ತೆಗೆದಿಟ್ಟಿದ್ದೇನೆ. ಪ್ರೋಗ್ರಾಂನಲ್ಲಿ ಏನೇ ಬದಲಿಸಿದರೂ ಮೊದಲು ಆ ಕಡತವನ್ನು ಓಡಿಸಿ, ಸೋಂದಾ ಒಂದೇ ಸಾಲಿನಲ್ಲಿ 43 ಎಂದು ಬಂದ ಮೇಲೆಯೇ ಸಂಘದ ಕಂಪ್ಯೂಟರ್‌ಗೆ ಹಾಕುತ್ತೇನೆ.